ವಾಸನೆಯಿಲ್ಲದ ನೀರು

ಸಂಜೆ ನೀರಿನಿಂದ ಮೇಲೆ ಬಂದಾಗ ನಮ್ಮ ಈಜು ಸರ್ ಅವರ ಕಣ್ಣುಗಳು ಖಾರ ಬಿದ್ದವರ ಕಣ್ಣಿನಂತೆ ಕೆಂಪಗಿರುತ್ತಿದ್ದವು. ಒದ್ದೆ ಟವೆಲಿನ ತುದಿಯಿಂದ ಒರೆಸಿಕೊಳ್ಳುತ್ತ, ಕೆಮ್ಮುತ್ತ, ತಮ್ಮ ಮುಂಗೈ ಮೂಸಿ ನೋಡಿ, "ಹಾಂ, ನೀರ ಸ್ವಚ್ಛ ಐತಿ," ಎನ್ನುತ್ತಿದ್ದರು. ಈಜುಕೊಳದ ಆ ಘಾಟು ಬಂದರೇ ಅವರಿಗೆ ಸಮಾಧಾನ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಹಳಿಯಾಳದ ಹತ್ತಿರ ನಮ್ಮ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನನಗೆ ಈಜು ಕಲಿಸಿದವರು ಅವರೇ. ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಎಂದು ಅಪ್ಪ ಗೊಣಗಿದಾಗ, "ನೀರಿಗೇನ ಗೊತ್ತರೀ, ಅಕಿ ಹುಡುಗಿ ಅಂತ?" ಎಂದಿದ್ದರು. ಆ ವಿದ್ಯೆಯಿಂದಲೇ ದಾಂಡೇಲಿಯ ರೆಸಾರ್ಟೊಂದರಲ್ಲಿ ಈಜುಕೊಳ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವರು ಶಾಲೆಯಿಂದ ನಿವೃತ್ತರಾದ ಮೇಲೆ ಮಕ್ಕಳಿಗೆ ಕಲಿಸಲು ಅಲ್ಲಿಗೆ ಕರೆಸಿದವಳೂ ನಾನೇ. ಅದರ ಫಲ ಅನುಭವಿಸಿದೆ.

ಕೊಳದ ಮೇಲೆ ತಗಡು, ಸುತ್ತ ಮಳೆಗೆಂದು ಪ್ಲಾಸ್ಟಿಕ್ ಪರದೆ. ಮದುವೆಯ ಅರಿಶಿನ ಕಾರ್ಯಕ್ರಮಕ್ಕೆ ಬಂದವರು ಮೈಗೆ ಮೆತ್ತಿದ ಅರಿಶಿನ, ಎಣ್ಣೆಯ ಸಮೇತ ನೀರಿಗೆ ಹಾರುತ್ತಿದ್ದರು. ಬೆವರು, ಎಣ್ಣೆ, ಮಕ್ಕಳ ಉಚ್ಚೆ ಕ್ಲೋರಿನ್ ಜೊತೆ ಸೇರಿದಾಗ ಹುಟ್ಟುವ ಬೇರೆಯದೇ ವಿಷದ ಘಾಟು ಅದು, ಕಣ್ಣು ಉರಿಸುತ್ತದೆ, ಎದೆ ಬಿಗಿಯುತ್ತದೆ ಎಂದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಸರ್‌ಗೆ ಹೇಳಿ ಹೇಳಿ ಸಾಕಾಯಿತು. ಮಕ್ಕಳು ಮೊದಲು ಸಾಬೂನು ಹಚ್ಚಿ ಮೈ ತೊಳೆದು ಬರಲಿ ಎಂದರೆ ನಗುತ್ತಿದ್ದರು.

"ಜಳಕಾ ಮಾಡಾಕ ಮದಲ ಜಳಕಾ ಮಾಡಬೇಕೇನ ತಂಗಿ?"

"ಬಾವಿಗಾದ್ರ ಸೆಲಿ ಇರ್ತೈತ್ರೀ ಸರ್. ಇಲ್ಲಿ ಅದ ನೀರ ಮತ್ತ ಮತ್ತ ತಿರುಗತೈತಿ."

"ಹಂಗಾದ್ರ ಇನ್ನೊಂದೀಟ ಕ್ಲೋರಿನ್ ಪುಡಿ ಹಾಕಸು."

ಏನು ಹೇಳಬೇಕು ಇಂಥವರಿಗೆ! ಮಳೆಗಾಲದಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ಆ ಗಾಳಿಯಿಂದ ದೂರ ಇರಿ ಎಂದರು ಡಾಕ್ಟರು. ಸರ್ ಡಾಕ್ಟರನ್ನೇ ಬದಲಿಸಿದರು.

ಕೊನೆಗೆ ನಾನೇ ಮಾಲೀಕರೊಡನೆ ಜಗಳಾಡಿ ಪರದೆ ಕೀಳಿಸಿದೆ, ಹಳೆಯ ನೀರು ತೆಗೆಸಿ ಹೊಸದು ತುಂಬಿಸಿದೆ. ಮೈ ತೊಳೆಯದೆ ಬಂದವರಿಗೆ ಬಾಗಿಲಲ್ಲೇ ಅಡ್ಡ ನಿಂತೆ. ಘಾಟು ಹೋಯಿತು, ಮಕ್ಕಳ ಕೆಮ್ಮು ನಿಂತಿತು. ಈಗಲಾದರೂ ಒಪ್ಪಲಿ ಎಂದು ಸರ್ ಅವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮೂಸಿದರು. ಮುಖ ಸಪ್ಪಗಾಯಿತು.

"ವಾಸನೀನ ಇಲ್ಲಲ್ಲ! ಇಂಥಾ ನೀರಾಗ ಹುಡುಗೂರನ್ನ ಇಳಸ್ತೀಯಾ? ನಾ ನಿನಗ ಇದನ್ನ ಕಲಿಸಿದ್ನೇನು?"

ಚಪ್ಪಲಿ ಮೆಟ್ಟಿಕೊಂಡು ಹೋಗಿ ಹಳಿಯಾಳದ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ. ನನ್ನ ಫೋನೂ ಎತ್ತಲಿಲ್ಲ. ಚಳಿಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು.

ಮಣ್ಣಿಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಬಿಕ್ಕಿದರು.

"ನಿನ್ನ ಚಿಂತಿನ ಮಾಡ್ತಿದ್ರವಾ. ಅಂಥಾ ಹೊಲಸ ನೀರಾಗ ದಿನಾ ಇಳೀತಾಳ, ಅಕಿಗೇನರ ಆದೀತು ಅಂತ."

ನನ್ನ ಚಿಂತೆಯಂತೆ! ಸರ್ ಅವರನ್ನು ಎಬ್ಬಿಸಿ ಕೂರಿಸಿ ಜಗಳವಾಡಬೇಕೆನ್ನುವಷ್ಟು ಸಿಟ್ಟು ಬಂತು. ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ.