ಅತ್ತೆ ಸೈಕಲ್ ಇಳಿದ ಊರು

ಹೋದ ಭಾನುವಾರ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಕೆ.ಆರ್. ಪುರದ ಮುಖ್ಯರಸ್ತೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ಹಚ್ಚಿ, ಬಾಯಿಂದ ಊದಿ ಒಣಗಿಸತೊಡಗಿದ. ಆ ಘಾಟು ಮೂಗಿಗೆ ಬಡಿದದ್ದೇ, ಲಾರಿಗಳ ಹೊಗೆಯ ನಡುವೆ ನಿಂತಿದ್ದ ನನಗೆ ಉಪ್ಪುಗಾಳಿ ಬೀಸಿದಂತಾಯಿತು. ಮಗಳು “ಅಮ್ಮಾ, ಏನಾಯ್ತು?” ಅಂದಳು. ಏನಿಲ್ಲವೆಂದೆ. ಅತ್ತೆಯ ನೆನಪಾಗಿತ್ತು...

ಅತ್ತೆ ಎಂದರೆ ಅಪ್ಪನ ತಂಗಿ. ತೊಂಬತ್ತರ ದಶಕದಲ್ಲಿ ನಾವು ಹಲಸೂರಿನಲ್ಲಿದ್ದೆವು. ತಾತನ ಕಾಲದಲ್ಲಿ ಹೊಲಗದ್ದೆ ಇದ್ದ ಮನೆತನವಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಉಳಿದದ್ದು ಎರಡು ಕೋಣೆಯ ಹೆಂಚಿನ ಮನೆ. ಒಂದು ಅಪ್ಪ ಅಮ್ಮನದು. ಇನ್ನೊಂದರಲ್ಲಿ ನಾನು, ಅತ್ತೆ, ಅಕ್ಕಿ ಮೂಟೆ, ದೇವರ ಗೂಡು. ಹಿತ್ತಲಿಗೆ ಹೋಗುವವರೆಲ್ಲ ಆ ಕೋಣೆಯನ್ನು ದಾಟಿಯೇ ಹೋಗಬೇಕಿತ್ತು. ಅತ್ತೆ ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ಅವಳ ಕಾಲ ಬಳಿಯೇ ಬಿಂದಿಗೆ, ಬಟ್ಟೆ ಬಕೆಟ್ಟು, ನೆಂಟರು ಎಲ್ಲ ಓಡಾಡುತ್ತಿದ್ದವು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿರುತ್ತಿದ್ದಳು. ನಿದ್ದೆ ಬಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ವರ್ಷ ತುಂಬುವ ಮೊದಲೇ ತವರಿಗೆ ಬಂದವಳು. ಯಾಕೆ ಬಂದಳೆಂದು ಕೇಳಿದರೆ ಅಮ್ಮ ನನ್ನ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹೆಣೆಯುತ್ತಿದ್ದಳು. ಹಬ್ಬಕ್ಕೆ ನೆಂಟರು ಸೇರಿದಾಗಲೆಲ್ಲ ಅತ್ತೆಗೆ ಡ್ಯೂಟಿ ಬೀಳುತ್ತಿತ್ತು. ಅವಳೇ ಕೇಳಿ ಹಾಕಿಸಿಕೊಳ್ಳುತ್ತಿದ್ದಳೆಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಬಿಳಿ ಸೀರೆಯುಟ್ಟು ಸೈಕಲ್ಲಿನಲ್ಲಿ ಹಲಸೂರಿನ ಮಾರುಕಟ್ಟೆ ದಾಟಿ ಹೋಗುವಾಗ ತರಕಾರಿಯವರು “ಸಿಸ್ಟರಮ್ಮಾ” ಎಂದು ದಾರಿ ಬಿಡುತ್ತಿದ್ದರು. ಆಗ ಮಾತ್ರ ಅವಳ ಬೆನ್ನು ನೆಟ್ಟಗಿರುತ್ತಿತ್ತು. ಕೆರೆಯ ಬದಿಯ ರಸ್ತೆಯಲ್ಲಿ ಸೀಟು ಹಿಡಿದು ಓಡುತ್ತ ನನಗೆ ಸೈಕಲ್ ಕಲಿಸಿದವಳೂ ಅವಳೇ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಸಂಕ್ರಾಂತಿ ಕಳೆದ ಮೇಲೆ ಎಲ್ಲರೂ ಪಾಂಡಿಚೇರಿಗೆ ಹೋದೆವು. ಯಾವುದಕ್ಕೂ ಬಾಯಿಬಿಟ್ಟು ಕೇಳದ ಅತ್ತೆ “ಒಂದ್ಸಲ ಸಮುದ್ರ ನೋಡ್ಕೊಂಡು ಬರೋಣ ಅಣ್ಣ” ಎಂದಿದ್ದಳು. ಅಪ್ಪ ಒಪ್ಪಿಬಿಟ್ಟ. ಅಲ್ಲಿ ಮೂರು ಬಾಡಿಗೆ ಸೈಕಲ್ ತೆಗೆದುಕೊಂಡೆವು. ಅಪ್ಪನ ಹಿಂದೆ ಕ್ಯಾರಿಯರಿನಲ್ಲಿ ಅಮ್ಮ, ಆಮೇಲೆ ನಾನು, ಕೊನೆಗೆ ಅತ್ತೆ. ಊರು ದಾಟಿದ ಮೇಲೆ ದಾರಿ ಸಮುದ್ರದ ಅಂಚಿಗೇ ಅಂಟಿಕೊಂಡಿತ್ತು. ಒಂದು ಪಕ್ಕ ತೆಂಗಿನ ತೋಪು, ಇನ್ನೊಂದು ಪಕ್ಕ ಒಣಹಾಕಿದ ಬಲೆಗಳು, ದೋಣಿಗಳು. ಎದುರುಗಾಳಿಗೆ ಅಪ್ಪ ಏದುಸಿರು ಬಿಡುತ್ತಿದ್ದರೆ ಅಮ್ಮ ಸೆರಗು ಹಿಡಿದುಕೊಂಡು ನಗುತ್ತಿದ್ದಳು. ಅಷ್ಟು ಜೋರಾಗಿ ನಗುವ ಅಮ್ಮನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮೀನುಗಾರರ ಒಂದು ಹಳ್ಳಿ ಹತ್ತಿರವಾದಾಗ ಅತ್ತೆಯ ಸೈಕಲ್ ಪಂಕ್ಚರ್ ಆಯಿತು. “ನೀವು ಹೋಗ್ತಾ ಇರಿ, ನಾವು ಬರ್ತೀವಿ” ಎಂದು ನನ್ನನ್ನು ಉಳಿಸಿಕೊಂಡಳು. ಆ ಹಳ್ಳಿಯ ಸೈಕಲ್ ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಹಚ್ಚುತ್ತಿದ್ದಂತೆ ಅತ್ತೆ ನನ್ನ ಕೈ ಹಿಡಿದು ರಸ್ತೆಯಾಚೆಗಿನ ಸಣ್ಣ ಆಸ್ಪತ್ರೆಗೆ ನಡೆದಳು. ಹಿಂದೆ ಶಿವಾಜಿನಗರದಲ್ಲಿ ಅವಳ ಜೊತೆಗಿದ್ದ ಡಾಕ್ಟರಮ್ಮನೊಬ್ಬರು ಅಲ್ಲಿದ್ದರು. “ವಾಂಗ ಸಿಸ್ಟರ್, ಇವತ್ತೇ ಬಂದ್ರಾ!” ಎಂದು ತಮಿಳು ಬೆರೆಸಿ ಸ್ವಾಗತಿಸಿ, ನಮ್ಮನ್ನು ಹಿತ್ತಲಿಗೆ ಕರೆದೊಯ್ದು ಒಂದು ಕೋಣೆ ತೋರಿಸಿದರು. ಮಂಚ, ಕಿಟಕಿ, ಕಿಟಕಿಯಾಚೆ ಮರಳು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕಾದೆ. ಅಳುತ್ತಿದ್ದಾಳೇನೋ ಎಂದುಕೊಂಡು “ಅತ್ತೇ” ಎಂದು ಕೂಗಿದೆ. ಬಾಗಿಲು ತೆರೆದಾಗ ಅವಳ ಮುಖ ನಿದ್ದೆಯಿಂದ ಎದ್ದವರ ಮುಖದಂತಿತ್ತು.

“ನಾನು ಇಲ್ಲಿಗೆ ಕೆಲ್ಸಕ್ಕೆ ಬರ್ತೀನಿ ಕಣೇ. ನಿಮ್ಮಪ್ಪಂಗೆ ನಾನೇ ಹೇಳ್ತೀನಿ.”

ಮುಂದೆ ಹೋಗಿದ್ದ ಅಪ್ಪ ಅಮ್ಮನನ್ನು ಕೂಡಿಕೊಂಡು ತೆಂಗಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಹೇಳಿದಳು. ಅಪ್ಪ ತುತ್ತನ್ನು ಹಾಗೇ ಇಟ್ಟ.

“ನಮ್ಮನೇಲಿ ನಿಂಗೇನು ಕಮ್ಮಿ ಮಾಡಿದೀವಿ?”

“ಏನೂ ಕಮ್ಮಿ ಮಾಡಿಲ್ಲ ಅಣ್ಣ. ಬಾಗಿಲು ಹಾಕ್ಕೊಂಡು ಮಲಗೋಕೆ ನಂಗೊಂದು ರೂಮು ಬೇಕು, ಅಷ್ಟೇ.”

“ಜನ ಏನಂತಾರೆ? ತಂಗೀನ ಓಡಿಸಿಬಿಟ್ಟ ಅಂತಾರೆ.”

ಅಮ್ಮ ಮೆಲ್ಲಗೆ “ಹೋಗ್ಲಿ ಬಿಡ್ರೀ ಅವ್ಳು” ಎಂದಳು. ಅಪ್ಪ ಅಮ್ಮನನ್ನು ಒಮ್ಮೆ ನೋಡಿ, ಕೈ ತೊಳೆದು, ಸೈಕಲ್ ಹತ್ತಿ ಒಬ್ಬನೇ ಹೊರಟುಬಿಟ್ಟ.

“ಬನ್ನಿ ಅತ್ತಿಗೆ, ನನ್ನ ಹಿಂದೆ ಕೂತ್ಕೊಳ್ಳಿ” ಎಂದಳು ಅತ್ತೆ. ಅಮ್ಮ ಹೆದರುತ್ತಲೇ ಹತ್ತಿ ಅವಳ ಸೊಂಟವನ್ನು ಹಿಡಿದುಕೊಂಡಳು. ಈಗ ಗಾಳಿ ಬೆನ್ನಿಗಿತ್ತು. ಸ್ವಲ್ಪ ದೂರ ಹೋದ ಮೇಲೆ ಅಮ್ಮ ತನ್ನ ಹಣೆಯನ್ನು ಅತ್ತೆಯ ಬೆನ್ನಿಗೆ ಒತ್ತಿ ಹಿಡಿದಳು; ಪಟ್ಟಣ ಬರುವವರೆಗೂ ತಲೆ ಎತ್ತಲಿಲ್ಲ. ಅವರಿಬ್ಬರ ಹಿಂದೆ ನಾನು ಪೆಡಲ್ ತುಳಿಯುತ್ತಿದ್ದೆ. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಹೇಗಿರುತ್ತದೆಂದು ಆ ದಾರಿಯಲ್ಲೇ ಗೊತ್ತಾಗಿಹೋಗಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಅತ್ತೆ ಹೊರಟಳು. ಅವಳ ಸೈಕಲ್ ನನ್ನದಾಯಿತು, ಮಂಚ ಪೂರ್ತಿ ನನ್ನದಾಯಿತು. ಯಾವುದೂ ನನಗೆ ಬೇಕಿರಲಿಲ್ಲ. ಶಾಲೆಯಿಂದ ಬಂದವಳು ಅಭ್ಯಾಸಬಲದಿಂದ ಚಪ್ಪಲಿ ಸದ್ದಾಗದಂತೆ ಕೋಣೆಗೆ ಕಾಲಿಟ್ಟು, ಯಾರೂ ಮಲಗಿಲ್ಲವೆಂದು ಆಮೇಲೆ ನೆನಪಾಗಿ, ಸುಮ್ಮನೆ ನಿಂತುಬಿಡುತ್ತಿದ್ದೆ. ಭಾನುವಾರಗಳಂದು ಎದುರಿನ ಎಸ್‌ಟಿಡಿ ಬೂತಿಗೆ ಅವಳ ಫೋನ್ ಬರುತ್ತಿತ್ತು. ಅಮ್ಮ ಮಾತಾಡುತ್ತಿದ್ದಳು, ನಾನು ಮಾತಾಡುತ್ತಿದ್ದೆ. ಅಪ್ಪ ಮಾತ್ರ ಬಾಗಿಲಲ್ಲೇ ನಿಂತು ರಸ್ತೆ ನೋಡುತ್ತಿದ್ದ.

ಎರಡು ಸಾವಿರದ ಈಚೆಗೆ ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಅತ್ತೆ ಬಂದಳು. ಕೂದಲು ನರೆತಿತ್ತು, ಮೈಬಣ್ಣ ಕಂದಿತ್ತು, ಕನ್ನಡಕ್ಕೆ ತಮಿಳಿನ ರಾಗ ಹತ್ತಿತ್ತು. ಅಪ್ಪ ಎದ್ದು ಓಡಾಡುವವರೆಗೂ ಇದ್ದಳು. ಹೊರಡುವ ದಿನ ಹೊಸ್ತಿಲಲ್ಲಿ ನಿಂತು “ಮನೆಗೆ ಹೊರಡ್ತೀನಿ ಅಣ್ಣ” ಎಂದಳು. ಆ ಮಾತಿಗೆ ಅಪ್ಪ ತಲೆ ತಗ್ಗಿಸಿದ. ಆಮೇಲೆ ಮೊದಲ ಸಲ “ತಲುಪಿದ್ಮೇಲೆ ಫೋನ್ ಮಾಡು” ಎಂದ. ಅವಳು ಮಾಡಿದಳು. ಅಪ್ಪನೇ ಎತ್ತಿಕೊಂಡ. ಏನು ಮಾತಾಡಿದರೋ...

ಎರಡು ವರ್ಷದ ನಂತರ ಒಂದು ಬೆಳಗ್ಗೆ ಡಾಕ್ಟರಮ್ಮನ ಫೋನ್ ಬಂತು. ಅತ್ತೆ ನಿದ್ದೆಯಲ್ಲೇ ಹೋಗಿದ್ದಳು. ನಾವು ಹೋಗುವಷ್ಟರಲ್ಲಿ ಆ ಹಳ್ಳಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂತಿದ್ದರು. ಅವರಲ್ಲಿ ಹಲವರ ಹೆರಿಗೆ ಮಾಡಿಸಿದವಳು ಅವಳು. ಅವರು ಅಳುತ್ತಿದ್ದ ರೀತಿ ನೋಡಿ ಅಪ್ಪ, “ನಮಗಿಂತ ಇವ್ರಿಗೇ ಜಾಸ್ತಿ ಗೊತ್ತಿದ್ಲು ಇವ್ಳು” ಎಂದ.

ಈಗ ಅಪ್ಪನೂ ಇಲ್ಲ. ಹಲಸೂರಿನ ಮನೆ ಇದ್ದ ಜಾಗದಲ್ಲಿ ಫ್ಲಾಟುಗಳೆದ್ದಿವೆ. ಅಮ್ಮ ನನ್ನ ಜೊತೆಗಿದ್ದಾಳೆ. ಅವಳಿಗೆ ಇತ್ತೀಚೆಗೆ ಹೊತ್ತು ಗೊತ್ತಿನ ನೆನಪಿರುವುದಿಲ್ಲ. ಆ ಭಾನುವಾರ ಸೈಕಲ್ ತಳ್ಳಿಕೊಂಡು ಮನೆಗೆ ಬಂದಾಗ ಊಟಕ್ಕೆ ಕೂತಿದ್ದವಳು ತಟ್ಟನೆ ಕೇಳಿದಳು, “ಅವ್ಳು ಡ್ಯೂಟಿಯಿಂದ ಬಂದ್ಲೇನೇ?”

“ಇನ್ನೂ ಇಲ್ಲಮ್ಮ.”

“ಸಾರು ಎತ್ತಿಡು ಅವ್ಳಿಗೆ. ಹಸ್ಕೊಂಡು ಬರ್ತಾಳೆ.”

ಒಂದು ಬಟ್ಟಲಲ್ಲಿ ಸಾರು ತೆಗೆದು ಮುಚ್ಚಿಟ್ಟೆ. ಅಮ್ಮ ಸಮಾಧಾನದಿಂದ ಊಟ ಮುಂದುವರಿಸಿದಳು. ಅತ್ತೆ ಇನ್ನಿಲ್ಲವೆಂದು ನಮ್ಮಿಬ್ಬರಲ್ಲಿ ತಿಳಿದಿದ್ದವಳು ನಾನೊಬ್ಬಳೇ.