ಇಂಜಿನ್ನಿನ ಹಣೆ

ಶಿಕಾರಿಪುರದಲ್ಲಿ ಆಗ ಕಾರು ಇದ್ದವರು ಬೆರಳೆಣಿಕೆಯಷ್ಟು ಜನ; ಕಾರಿನ ಕಾಯಿಲೆ ಬಲ್ಲವರು ಮಾತ್ರ ಊರು ತುಂಬ ಇದ್ದರು. ಇದು ನನಗೆ ತಿಳಿದದ್ದು ನನ್ನ ಕಾರು ಕೆಟ್ಟ ಮೇಲೆಯೇ. ಬಾನೆಟ್ಟು ಎತ್ತಿ ನಿಲ್ಲಿಸಿದರೆ ಸಾಕು, ಎಲ್ಲಿದ್ದರೋ ಅಲ್ಲಿಂದ ಬಂದು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಸೈಕಲ್ಲನ್ನೂ ತುಳಿಯಲು ಬಾರದವರು ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿ, ಪಾಪ ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು.

ನನ್ನದು ಜವಳಿ ಅಂಗಡಿ. ಬಟ್ಟೆಯ ಅಂಚು ಮುಟ್ಟಿ ಯಾವ ಮಗ್ಗದ್ದೆಂದು ಹೇಳಬಲ್ಲೆನೇ ಹೊರತು ಇಂಜಿನ್ನಿನ ವಿಷಯದಲ್ಲಿ ನಾನು ಶುದ್ಧ ಹೆಡ್ಡ. ಯಾರೋ ದೊರೆ ಬಿಟ್ಟುಹೋದ ಹಳೆಯ ಕಾರನ್ನು ಕೊಂಡದ್ದು ಸ್ವಲ್ಪ ಜಂಬಕ್ಕೆ, ಉಳಿದದ್ದು ಸೊರಬದ ಆಚೆ ಕಾಡಿನ ಅಂಚಿನ ಹಳ್ಳಿಗೆ ಕೊಟ್ಟಿದ್ದ ನನ್ನ ಅಕ್ಕನನ್ನು ಆಗಾಗ ನೋಡಿಬರುವುದಕ್ಕೆ. ಊರಲ್ಲಿ ಓಡಿಸುವಾಗ ಅದಕ್ಕೆ ಯಾವ ರೋಗವೂ ಇಲ್ಲ. ಅಕ್ಕನ ಊರಿನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಹೊರಟರೆ ಮಾತ್ರ ಮಿಸ್ ಹೊಡೆಯುತ್ತಿತ್ತು. ನಾಲ್ಕು ಜನ ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ತಪ್ಪಿಸಿದಂತೆ ಇಡೀ ಗಾಡಿ ಕುಂಟುತ್ತಿತ್ತು. ಏರು ಬಂದರಂತೂ ಎಳೆತವೇ ಇಲ್ಲ. ಶಿರಾಳಕೊಪ್ಪದ ಹತ್ತಿರ ಬಿಸಿಲು ಬೀಳುವ ಹೊತ್ತಿಗೆ ಏನೂ ಆಗೇ ಇಲ್ಲವೇನೋ ಎಂಬಂತೆ ಓಡತೊಡಗುತ್ತಿತ್ತು.

ಪೆಟ್ರೋಲಿನಲ್ಲಿ ಸೀಮೆಎಣ್ಣೆ ಸೇರಿದೆ ಎಂದರು ಒಬ್ಬರು. ನಮ್ಮ ಬಯಲಿನ ಗಾಳಿಗೆ ಹೊಂದಿದ ಗಾಡಿಗೆ ಮಲೆನಾಡಿನ ಗಾಳಿ ಒಗ್ಗುತ್ತಿಲ್ಲ ಎಂದರು ಇನ್ನೊಬ್ಬರು. ದಾರಿಯಲ್ಲಿ ಯಾವುದೋ ಚೌಡಿಯ ಗುಡಿ ಇರಬೇಕು, ನಿಲ್ಲಿಸಿ ಕಾಯಿ ಒಡೆಯಿರಿ ಎಂದವರೂ ಇದ್ದರು. ಕಾಯಿಯನ್ನೂ ಒಡೆದೆ. ಮೆಕ್ಯಾನಿಕ್ ಖಾದರ್ ಸಾಬರು ಪ್ಲಗ್ಗುಗಳನ್ನು ಕಳಚಿ ಉಜ್ಜಿದರು, ಕಾರ್ಬೊರೇಟರ್ ಊದಿದರು, ಕಂಡ ಕಂಡ ಭಾಗವನ್ನೆಲ್ಲ ಒರೆಸಿದರು. ನಾಲ್ಕು ಪ್ಲಗ್ಗಿಗೂ ಸರದಿಯಂತೆ ಕರೆಂಟು ಹಂಚುವ ಒಂದು ಕರಿಯ ಮುಚ್ಚಳವಿರುತ್ತದೆ, ಅದರ ಹತ್ತಿರ ಬಂದಾಗ ಮಾತ್ರ ಅವರ ಕೈ ನಿಂತಿತು. ಅದರ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮದ ಬೊಟ್ಟು.

“ಇದು ದೇವ್ರದ್ರೀ, ಪೂಜೆ ಮಾಡಿದ್ದು. ನಾ ಕೈ ಹಚ್ಚಂಗಿಲ್ಲ,” ಎಂದು ಬಾನೆಟ್ಟು ಮುಚ್ಚಿದರು. ನಾನೂ ಕೈ ಮುಗಿದೆ.

ಅದು ಅಕ್ಕ ಹಚ್ಚಿದ ವಿಭೂತಿ. ಆ ವರ್ಷದ ಮಹಾನವಮಿಗೆ ತವರಿಗೆ ಬಂದವಳು ಕಾರಿನ ಪೂಜೆಗೆ ತಟ್ಟೆ ಹಿಡಿದು ನಿಂತಳು. ನಾವೆಲ್ಲ ಬಾನೆಟ್ಟಿನ ಮೇಲೆ ಬಳಿದು ಮುಗಿಸುತ್ತೇವಲ್ಲ, ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. “ಮೇಲ್ಗಡೆ ಹಚ್ಚಿದ್ರೆ ಬರೇ ತೋರಿಕೆ ಆಗ್ತದೆ ತಮ್ಮಾ. ದುಡಿಯೋದು ಒಳಗಿಂದು. ತೆಗಿ, ಅದರ ಹಣೆ ಎಲ್ಲೈತಿ ನೋಡಣ,” ಎಂದಳು. ಬಗ್ಗಿ ನೋಡಿ ಆ ದುಂಡನೆಯ ಮುಚ್ಚಳವನ್ನು ಅವಳೇ ಹುಡುಕಿದಳು. ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿಂದ ದಪ್ಪಗೆ ಎಳೆದು, “ದಾರ್ಯಾಗೆ ಎಲ್ಲೂ ನಿಲ್ಬ್ಯಾಡಪ್ಪಾ,” ಎಂದು ಇಂಜಿನ್ನಿಗೇ ಹೇಳಿದಳು. ಭಾವ ಪಕ್ಕದಲ್ಲಿ ನಿಂತು ನಗುತ್ತಿದ್ದರು.

ಹಳೆಯ ಕಾಲದ ಪಂಡಿತರು ನಾಡಿ ನೋಡುತ್ತಿದ್ದದ್ದು ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ. ಉಂಡು ಅಡ್ಡಾಡಿ ಬಂದವನ ನಾಡಿ ಸುಳ್ಳು ಹೇಳುತ್ತದಂತೆ. ಕಾರಿಗೂ ಅದೇ ನಿಯಮವೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಕಾಯಿಲೆ ಬರುತ್ತಿದ್ದದ್ದು ಸೊರಬದ ಮಂಜಿನ ಬೆಳಗಿನಲ್ಲಿ. ನಾವು ಪರೀಕ್ಷೆ ಮಾಡುತ್ತಿದ್ದದ್ದು ಶಿಕಾರಿಪುರದ ಮಟಮಟ ಮಧ್ಯಾಹ್ನದಲ್ಲಿ. ಮೈ ಬೆಚ್ಚಗಾದ ರೋಗಿ ಗುಣವಾದಂತೆ ಕಾಣುತ್ತಿದ್ದ, ನಾವೂ ನಂಬುತ್ತಿದ್ದೆವು.

ಆ ಚಳಿಗಾಲದಲ್ಲಿ ಭಾವನಿಗೆ ಜ್ವರ ಬಂತು. ಕಾಡಿನ ಅಂಚಿನ ಊರುಗಳಲ್ಲಿ ಜ್ವರವೆಂದರೆ ಯಾರೂ ಬೆಚ್ಚಿಬೀಳುವುದಿಲ್ಲ, ಕಷಾಯ ಕುಡಿಸಿ ಕಂಬಳಿ ಹೊದಿಸುತ್ತಾರೆ. ಸುದ್ದಿ ತಿಳಿದು ನಾನು ಸಂಜೆ ಹೋಗುವ ವೇಳೆಗೆ ಅವರಿಗೆ ನನ್ನ ಗುರುತು ಸಿಗಲಿಲ್ಲ. ಬೆಳಕು ಹರಿಯುವ ಮೊದಲೇ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆಂದು ಹೊರಟೆವು. ಎರಡು ಮಾರು ಮುಂದಿನದು ಕಾಣದಂಥ ಮಂಜು. ಕಾರು ಕುಂಟಿಕೊಂಡೇ ಹೊರಟು ಮೊದಲನೆಯ ಏರಿನಲ್ಲಿ ನಿಂತೇಬಿಟ್ಟಿತು.

ಭಾರ ಕಡಿಮೆಯಾಗಲೆಂದು ಅಕ್ಕ ಇಳಿದಳು. ಇಳಿದವಳು ಸುಮ್ಮನೆ ನಿಲ್ಲಲಿಲ್ಲ, ಸೆರಗು ಸಿಕ್ಕಿಸಿ ಹಿಂದಿನಿಂದ ತಳ್ಳತೊಡಗಿದಳು. ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಬಾಗಿಲ ಪಕ್ಕದಿಂದ ತಳ್ಳಿದೆ. ಇಂಜಿನ್ನು ಒಮ್ಮೆ ಹಿಡಿದಂತೆ ಮಾಡಿ ಮತ್ತೆ ಕೈಬಿಡುತ್ತಿತ್ತು. ಒಳಗಿನಿಂದ ಭಾವನ ನರಳಾಟ ಕೇಳುತ್ತಿತ್ತು; ಆಮೇಲೆ ಅದೂ ಸಣ್ಣಗಾಯಿತು. ಗದ್ದೆಯ ಕಡೆ ಹೊರಟಿದ್ದವರು ಓಡಿಬಂದು ಕೈಕೊಡುವ ತನಕ ನಾವಿಬ್ಬರೂ ಆ ಏರಿನಲ್ಲೇ ಇದ್ದೆವು. ಬಿಸಿಲು ಬಿದ್ದ ಮೇಲೆ ಕಾರು ಎಂದಿನಂತೆ ಸೊಗಸಾಗಿ ಓಡಿತು. ನನ್ನ ಜೀವನದಲ್ಲಿ ಒಂದು ಯಂತ್ರವನ್ನು ನಾನು ದ್ವೇಷಿಸಿದ್ದರೆ ಅದು ಆ ಗಳಿಗೆಯಲ್ಲಿ.

ಆಸ್ಪತ್ರೆಯಲ್ಲಿ ಭಾವ ಆ ದಿನದ ಸಂಜೆಯನ್ನು ಕಾಣಲಿಲ್ಲ. “ಇನ್ನೊಂದು ತಾಸು ಮೊದಲು ಬಂದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ,” ಎಂದರು ಡಾಕ್ಟರು. ಒಳ್ಳೆಯ ಮನುಷ್ಯ. ಅವರ ಮಾತನ್ನು ನಾನು ಹಗಲು ಹೊತ್ತಿನಲ್ಲಿ ನಂಬುತ್ತೇನೆ.

ಮಣ್ಣು ಮಾಡಿ, ಶಿವಗಣಾರಾಧನೆಯನ್ನೂ ಮುಗಿಸಿ, ಮರುದಿನ ಬೆಳಿಗ್ಗೆ ಅಕ್ಕನ ಮನೆಯಿಂದ ಹೊರಟೆ. ಅದೇ ಮಂಜು, ಅದೇ ಕುಂಟು. ನನಗೆ ಅವಸರವೇನೂ ಇರಲಿಲ್ಲ. ಅಂಗಳ ದಾಟುವ ಮೊದಲೇ, ಇಂಜಿನ್ನು ಓಡುತ್ತಿರುವಂತೆಯೇ ಇಳಿದು ಬಾನೆಟ್ಟು ಎತ್ತಿದೆ. ಅರೆಗತ್ತಲಲ್ಲಿ ಆ ಕರಿಯ ಮುಚ್ಚಳದ ಮೇಲೆ ಸಣ್ಣ ನೀಲಿ ಕಿಡಿಗಳು ಓಡಾಡುತ್ತಿದ್ದವು, ವಿಭೂತಿಯ ಗೆರೆಗಳ ಮೇಲೇ, ಅಕ್ಕನ ಬೆರಳು ಹೋದ ದಾರಿಯಲ್ಲೇ. ಮಂಜಿಗೆ ಬೂದಿ ನೆನೆದು, ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಹೊರಗೇ ಹರಿದುಹೋಗುತ್ತಿತ್ತು. ಇಂಜಿನ್ನು ನಿಲ್ಲಿಸಿ, ಉಟ್ಟ ಪಂಚೆಯ ತುದಿಯಿಂದ ಮುಚ್ಚಳವನ್ನು ಚೆನ್ನಾಗಿ ಒರೆಸಿ, ಮತ್ತೆ ಚಾಲೂ ಮಾಡಿದೆ. ಒಂದೂ ತಪ್ಪದೆ ನಾಲ್ಕೂ ಕೂಡಿ ನಡೆದವು. ನನಗೆ ಅಳು ಬಂತು. ಅದು ಸರಿಹೋಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಸದ್ದು ಬದಲಾದದ್ದು ಕೇಳಿ ಅಕ್ಕ ಬಾಗಿಲಿಗೆ ಬಂದಳು. “ಸಿಕ್ತೇನೋ? ಏನಾಗಿತ್ತು ಅದಕ್ಕೆ?”

“ನೀರು ಸೇರಿತ್ತಕ್ಕಾ.”

“ನೀರಾ? ಪೆಟ್ರೋಲಿಗಾ?” ಅವಳ ದನಿ ಏರಿತು. “ಯಾವನು ಹಾಕಿದ್ದು? ಹಾಕ್ದವನ ಮನೆ ಹಾಳಾಗ!”

ಆ ಶಾಪ ಸುತ್ತಿ ಬಂದು ಅವಳ ಹೊಸ್ತಿಲಿಗೇ ತಾಗುವ ಮೊದಲೇ ತಡೆಯಬೇಕೆನ್ನಿಸಿತು. “ಯಾರೂ ಹಾಕಿದ್ದಲ್ಲಕ್ಕಾ,” ಎಂದೆ. “ಮಂಜಿನ ನೀರು. ತಂತಾನೇ ಇಳ್ದಿದ್ದು.”

ಅದು ಪೂರ್ತಿ ಸುಳ್ಳೇನಲ್ಲ. ಅಕ್ಕ ಅಂಗಳದಾಚೆ ಗದ್ದೆಯನ್ನೆಲ್ಲ ಮುಚ್ಚಿ ನಿಂತಿದ್ದ ಮಂಜನ್ನು ನೋಡಿದಳು.

“ಮಂಜಿಗೆ ಯಾರು ಏನಂತ ಬೈಯೋದು,” ಎಂದಳು. “ಒಳಗೆ ಬಾ. ಕಾಪಿ ಕುಡ್ದು ಹೋಗು.”

ಭಾವ ಹೋದ ಮೇಲೆ ಅವಳು ಒಲೆಯ ಹತ್ತಿರ ಹೋದದ್ದು ಅದೇ ಮೊದಲು. ಬೂದಿ ಮೆತ್ತಿದ ಪಂಚೆಯ ತುದಿಯನ್ನು ಕಾಣದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಇಂಜಿನ್ನು ಆರಿಸಿ ನಾನು ಅವಳ ಹಿಂದೆ ಒಳಗೆ ಹೋದೆ.