ಕಿಂಡಿ ಮುಚ್ಚಿದ ಬಚ್ಚಲು

ಸಂಡೂರಿನಲ್ಲಿ ನಮ್ಮ ಮನೆ ಅದಿರಿನ ಲಾರಿಗಳು ಓಡಾಡುವ ರಸ್ತೆಗೇ ಅಂಟಿಕೊಂಡಿದೆ. ಒಗೆದು ಹಾಕಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಗಾಗುತ್ತದೆ. ಇಂಥ ಧೂಳಿನಲ್ಲಿ ಬಚ್ಚಲಿನ ಗ್ಯಾಸ್ ಗೀಸರ್ ಸಂಭಾಳಿಸುವ ಕೆಲಸ ನನ್ನದು. ರಿಪೇರಿಯವನು ಹೊಸಪೇಟೆಯಿಂದ ಬರಬೇಕು, ವರ್ಷಕ್ಕೊಮ್ಮೆ ಬಂದರೆ ನಮ್ಮ ಪುಣ್ಯ. "ನಾಳೆ ಬರ್ತೀನ್ರಿ ಅಕ್ಕಾ" ಅನ್ನುತ್ತಾನೆ, ಆ ನಾಳೆ ಯಾವುದೆಂದು ವಿರೂಪಾಕ್ಷನೇ ಬಲ್ಲ. ಹಾಗಾಗಿ ಹಳೆಯ ಟೂತ್ ಬ್ರಷ್ಷಿನಿಂದ ಬರ್ನರ್ ಉಜ್ಜುವುದು, ಸೈಕಲ್ ಪಂಪಿನಿಂದ ಧೂಳು ಊದುವುದು, ಸೆಲ್ ಬದಲಿಸುವುದು, ಪೈಪಿಗೆ ಸೋಪಿನ ನೊರೆ ಹಚ್ಚಿ ಗ್ಯಾಸ್ ಸೋರುತ್ತಿದೆಯೇ ನೋಡುವುದು, ಎಲ್ಲವನ್ನೂ ನಾನೇ ಕಲಿತೆ. ನನ್ನ ಗಂಡನಿಗೆ ಸೆಲ್ ಹಾಕಲೂ ಬರುವುದಿಲ್ಲ. ಬಿಸಿನೀರು ಬರದಿದ್ದರೆ ಕೂಗಾಡಲು ಮಾತ್ರ ಚೆನ್ನಾಗಿ ಬರುತ್ತದೆ.

ಉರಿ ನೀಲಿಯಾಗಿರಬೇಕು ಎಂದು ರಿಪೇರಿಯವನು ಹೇಳಿಹೋಗಿದ್ದ. ನಮ್ಮಲ್ಲಿ ಉಜ್ಜಿದ ಮರುದಿನವೇ ಅದು ಕೆಂಪಗೆ ತಿರುಗುತ್ತಿತ್ತು. ನಾನು ತಲೆ ಕೆಡಿಸಿಕೊಂಡರೆ ಗಂಡ ನಗುತ್ತಿದ್ದರು. "ಸಂಡೂರಿನ ಧೂಳಿಗೆ ಬೆಂಕೀನೂ ಕೆಂಪಾಗ್ತದ, ಬಿಡು ಅತ್ಲಾಗ." ಓಣಿಯಲ್ಲಿ ಯಾರನ್ನು ಕೇಳಿದರೂ ಅದೇ ಮಾತು. ಎತ್ತು, ಎಮ್ಮೆ, ಗೋಡೆ, ಗಿಡ ಎಲ್ಲವೂ ಕೆಂಪಾದ ಊರಿನಲ್ಲಿ ಉರಿಯೂ ಕೆಂಪಾದರೆ ಯಾರಿಗೂ ಆಶ್ಚರ್ಯವಿಲ್ಲ.

ಆ ವರ್ಷ ಕಂಪ್ಲಿಗೆ ಕೊಟ್ಟಿದ್ದ ಮಗಳು ಹೆರಿಗೆಗೆ ಬಂದಳು, ಹೆಣ್ಣುಕೂಸು ಹುಟ್ಟಿತು. ಬಾಣಂತನದ ಯಜಮಾನಿಕೆ ನಮ್ಮ ಅತ್ತೆಯದು. ಆ ವಿಷಯದಲ್ಲಿ ಅವರ ಮಾತೇ ಕೊನೆ. ಬಾಣಂತಿಯದು ಹಸಿ ಮೈ, ಗಾಳಿ ಸೋಕಬಾರದು ಎಂದು ಬಚ್ಚಲಿನ ಗೋಡೆಯ ಕಿಂಡಿಗೆ ಹಳೆಯ ಕೌದಿಯನ್ನು ಗಿಡಿದು ತುಂಬಿಸಿದರು. ಬಾಗಿಲಿನ ಸಂದಿಗೆ ಗೋಣಿಚೀಲ. ಗಂಡ ಕೌದಿಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಬೇರೆ ಬಡಿದು, "ಧೂಳೂ ಬರಂಗಿಲ್ಲ, ಥಂಡೀನೂ ಬರಂಗಿಲ್ಲ" ಎಂದು ಬೀಗಿದರು. ಮೊದಲು ನಮ್ಮ ಹಂಡೆಯ ಒಲೆ ಹಿತ್ತಲಲ್ಲಿ ಇತ್ತು. ಹೊರಗೆ ಕಾಯಿಸಿ ಒಳಗೆ ತಂದು ಹೊಯ್ಯುತ್ತಿದ್ದರು. ಈಗ ಬೆಂಕಿ ಬಚ್ಚಲ ಒಳಗೇ ಬಂದು ಕೂತಿದೆ ಎಂಬುದು ಮನೆಯ ಒಬ್ಬರಿಗಾದರೂ ಹೊಳೆಯಬೇಕಲ್ಲ.

ದಿನಾ ಮೊದಲು ಕೂಸಿಗೆ ನೀರು ಹಾಕಿ, ಆಮೇಲೆ ಬಾಣಂತಿಗೆ. ಆವತ್ತು ಕೂಸು ಹಾಲು ಕುಡಿದು ಮಲಗಿತ್ತು. ಮಲಗಿದ ಕೂಸನ್ನು ಎಬ್ಬಿಸಬ್ಯಾಡ್ರಿ ಎಂದು ಮಗಳೇ ಮೊದಲು ಹೋದಳು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತೆ. ಒಳಗೆ ಅತ್ತೆ ಎಣ್ಣೆ ಅರಿಶಿಣ ತಿಕ್ಕಿ, ಸುಡುಸುಡು ನೀರು ಹೊಯ್ಯುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಧೂಪಕ್ಕೆ ಕೆಂಡ ತರಲೆಂದು ಅವರು ಹೊರಗೆ ಬಂದವರು ಕೆಂಡ ತರದೆ ಕಂಬಕ್ಕೆ ಒರಗಿ ಕೂತುಬಿಟ್ಟರು.

"ತಲಿ ಯಾಕೋ ಧಿಮ್ ಅಂತದವ್ವಾ."

"ಬಗ್ಗಿ ಬಗ್ಗಿ ಹೊಯ್ದೀರಲ್ಲ, ಚೂರು ಕುಂದ್ರಿ" ಎಂದೆ. ಮಗಳನ್ನು ಕೂಗಿ, ಸಾಕು ಏಳು ಎಂದೆ. ಉತ್ತರವಿಲ್ಲ. ನಳದ ನೀರು ಸುರಿಯುತ್ತಲೇ ಇತ್ತು. ನನಗೆ ಮೊದಲು ಬಂದದ್ದು ಸಿಟ್ಟು. ತಾಯಾದರೂ ಇವಳಿಗೆ ಬಿಸಿನೀರಿನ ಹುಚ್ಚು ಬಿಡಲಿಲ್ಲ ಎಂದುಕೊಂಡು, ಕೂಸನ್ನು ತೊಟ್ಟಿಲಿಗೆ ಹಾಕಿ ಹೋಗಿ ಬಾಗಿಲು ತಳ್ಳಿದೆ.

ಮಣೆಯ ಮೇಲೆ ಕೂತವಳು ಹಾಗೇ ಗೋಡೆಗೆ ವಾಲಿದ್ದಳು. ಕಣ್ಣು ಅರ್ಧ ತೆರೆದಿತ್ತು, ನೋಟ ಇರಲಿಲ್ಲ. ಗ್ಯಾಸಿನ ವಾಸನೆ ಇಲ್ಲ, ಹೊಗೆ ಇಲ್ಲ, ಬರೀ ಹಬೆ. ನಾನು ಹೇಗೆ ಕಿರುಚಿದೆನೋ ಗೊತ್ತಿಲ್ಲ, ಗಂಡ ಓಡಿ ಬಂದರು, ಇಬ್ಬರೂ ಸೇರಿ ಅವಳನ್ನು ಸೀರೆಯಲ್ಲಿ ಸುತ್ತಿ ಪಡಸಾಲೆಗೆ ಎಳೆದು ತಂದೆವು. ಹೊರಗಿನ ಗಾಳಿ ತಾಗಿದ ಮೇಲೆ ಉಸಿರು ಜೋರಾಯಿತು, ಕಣ್ಣಿಗೆ ನೋಟ ಬಂತು. ಗದ್ದಲಕ್ಕೆ ಕೂಸು ಎದ್ದು ಅಳತೊಡಗಿತು. ಅದನ್ನು ಎತ್ತಿ ಅವಳ ಮುಖದ ಹತ್ತಿರ ಹಿಡಿದು, "ನೋಡವ್ವಾ, ಅಳಾಕತ್ತದ" ಎಂದೆ.

ಅವಳು ಬಹಳ ಹೊತ್ತು ನೋಡಿದಳು. "ಯಾರ ಕೂಸು ಇದು?" ಎಂದಳು.

ಆ ಪ್ರಶ್ನೆ ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತದೆ.

ಊರಿನ ಆಸ್ಪತ್ರೆಯಲ್ಲಿ ಅವಳಿಗೂ ಅತ್ತೆಗೂ ಆಕ್ಸಿಜನ್ ಹಚ್ಚಿದರು. ಡಾಕ್ಟರಮ್ಮ ಕೇಳಿದ್ದು ಒಂದೇ. "ಬಚ್ಚಲದಾಗ ಗ್ಯಾಸ್ ಗೀಸರ್ ಐತೇನ್ರಿ? ಕಿಂಡಿ ತೆಗೆದಿತ್ತೋ ಮುಚ್ಚಿತ್ತೋ?" ಕೌದಿ ತುಂಬಿ ಮುಚ್ಚಿದ್ದೆವೆಂದು ನಾನೇ ಹೇಳಿದೆ. ಗಾಳಿಯಿಲ್ಲದ ಕಡೆ ಉರಿದ ಬೆಂಕಿಯಿಂದ ವಾಸನೆಯಿಲ್ಲದ ವಿಷ ಹುಟ್ಟುತ್ತದೆ, ಅದು ನೇರ ರಕ್ತಕ್ಕೆ ಇಳಿಯುತ್ತದೆ, ಕೆಂಪು ಉರಿ ಅದರದೇ ಗುರುತು ಎಂದು ಆಕೆ ಬಿಡಿಸಿ ಹೇಳಿದರು. ಜೀವಕ್ಕೆ ಭಯವಿಲ್ಲ, ಆದರೆ ನೆನಪು ಪೂರ್ತಿ ಮರಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಹೊಸಪೇಟೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಂಬ್ಯುಲೆನ್ಸಿನಲ್ಲಿ ನಾನು ಗಂಡನನ್ನೂ ಬೈದೆ, ಅತ್ತೆಯನ್ನೂ ಬೈದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಥಂಡಿ ಆಗಬಾರದು ಅಂತ ಮಾಡಿದ್ನವ್ವಾ" ಎಂದು ಅಷ್ಟನ್ನೇ ಹೇಳುತ್ತಿದ್ದರು. ಮುದುಕಿ ಮೊಮ್ಮಗಳ ಮೇಲಿನ ಜೀವಕ್ಕೇ ಮಾಡಿದ್ದು. ಅದಕ್ಕೇ ನನಗೆ ಇನ್ನೂ ಸಂಕಟವಾಯಿತು.

ಅಲ್ಲಿಯೂ ಅವಳು ಸುಮ್ಮನೆ ಮಲಗಿದ್ದಳು. ನನ್ನನ್ನು ಅವ್ವಾ ಎಂದಳು, ಊರಿನ ಹೆಸರು ಹೇಳಿದಳು, ಹೆರಿಗೆಯಾದದ್ದು ಮಾತ್ರ ಅವಳಿಗೆ ಗೊತ್ತೇ ಇಲ್ಲ. ಕೂಸನ್ನು ತೋರಿಸಿದರೆ ಪಕ್ಕದ ಮಂಚದವರದ್ದೇನೋ ಎಂಬಂತೆ ನಕ್ಕಳು. ನಾನು ಚಮಚದಲ್ಲಿ ಪುಡಿ ಹಾಲು ಕುಡಿಸಲು ಹೋದರೆ ಅದು ಉಗುಳಿತು. ಸಂಜೆಯ ಹೊತ್ತಿಗೆ ಹಸಿವು ತಡೆಯದೆ ವಾರ್ಡೆಲ್ಲ ತಿರುಗಿ ನೋಡುವಂತೆ ಅತ್ತಿತು.

ಮಗಳು ತಿರುಗಿ ನೋಡಿದಳು. ಅವಳ ಕುಪ್ಪಸದ ಎರಡೂ ಕಡೆ ಒದ್ದೆಯಾಗುತ್ತ ಬಂತು. ಆಸ್ಪತ್ರೆಯ ಹೊದಿಕೆಗೂ ಹಾಲು ಇಳಿಯಿತು. ಅವಳು ಗಾಬರಿಯಿಂದ ತನ್ನ ಎದೆ ಮುಟ್ಟಿಕೊಂಡಳು, ಕೈ ನೋಡಿಕೊಂಡಳು, ಮತ್ತೆ ಕೂಸನ್ನು ನೋಡಿದಳು. ಮೂಗಿನ ಮೇಲಿನ ಮಾಸ್ಕನ್ನು ತಾನೇ ಸರಿಸಿದಳು.

"ಅವ್ವಾ, ಮುಂಜಾನಿಂದ ಹಾಲಿಲ್ಲಲ್ಲ ಅದಕ್ಕ" ಎಂದು ಎರಡೂ ಕೈ ಚಾಚಿದಳು. "ಕೊಡು ಇಲ್ಲಿ. ನನ್ನದು."